ಅಂಗಡಿಗೆ ಕಳಿಸಿ ಹೊರಡುವವರು

ನನ್ನ ಡೈರಿಯಲ್ಲಿ ಹೊಟ್ಟೆನೋವಿಗೆಂದೇ ಒಂದು ಪುಟ ಇದೆ. ಹೊಟ್ಟೆ ನನ್ನದಲ್ಲ, ಅಕ್ಕನ ಮಗಳು ಪಲ್ಲವಿಯದು. ಎರಡನೆಯ ತರಗತಿಯ ಹುಡುಗಿಯ ಹೊಟ್ಟೆ ಎಷ್ಟು ದೊಡ್ಡದಿದ್ದೀತು! ಆದರೂ ಒಂದು ಪುಟ ಸಾಲದೆ ಅದರ ಬೆನ್ನಿಗೂ ಗೆರೆ ಎಳೆಯಬೇಕಾಯಿತು.

ಎಣಿಸುವುದು ನನಗೆ ಅಂಟಿಕೊಂಡ ರೋಗ. ಆಂಧ್ರ ಗಡಿಯೊಳಗಿನ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಕೆಲಸವೇ ಅದು. ಹೊಲಿದು ಬಂದ ಪ್ಯಾಂಟುಗಳನ್ನು ಎಣಿಸಿ, ಕಟ್ಟು ಕಟ್ಟಿ, ಚೀಟಿ ಹಚ್ಚಿ ಕಳಿಸಬೇಕು. ಐದೂವರೆಗೆ ಕೆಲಸ ಮುಗಿದರೂ ಬೆರಳಿನ ಎಣಿಕೆ ನಿಲ್ಲುವುದಿಲ್ಲ. ಈ ತಿಂಗಳು ನಲ್ಲಿಯಲ್ಲಿ ಎಷ್ಟು ದಿನ ನೀರು ಬಂತು, ಕರೆಂಟು ಎಷ್ಟು ಸಲ ಹೋಯಿತು, ಎದುರುಮನೆಯವರು ಒಯ್ದ ನಮ್ಮ ಜರಡಿ ಎಷ್ಟನೆಯ ದಿನಕ್ಕೆ ಮನೆ ಸೇರಿತು, ಎಲ್ಲವೂ ಡೈರಿಯಲ್ಲಿ ಸಿಗುತ್ತದೆ. ಅವ್ವ ಒಮ್ಮೆ ಹೇಳಿದ್ದಳು: “ನಿನ್ನ ಕಟ್ಟಿಕೊಳ್ಳೋನು ಪಾಪದೋನವ್ವ. ಎಷ್ಟು ಸಲ ಸೀನಿದ ಅಂತ ಅದನ್ನೂ ಬರೀತಿ ನೀನು.”

ಅಕ್ಕ, ಭಾವ ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ಭಾವನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಅಕ್ಕನದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ಒಂದೇ ಕೋಣೆಯ ಮನೆ, ಇಬ್ಬರೂ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಹಾಗಾಗಿ ಪಲ್ಲವಿ ಐದು ವರ್ಷದವಳಿದ್ದಾಗಿನಿಂದ ಅವ್ವನ ಬಳಿ, ನನ್ನ ಬಳಿ ಬೆಳೆಯುತ್ತಿದ್ದಾಳೆ. ಹೀಗೆ ಮಕ್ಕಳನ್ನು ಅಜ್ಜಿಯರ ಮಡಿಲಿಗೆ ಹಾಕಿ ಹೋದ ಮನೆಗಳು ನಮ್ಮ ಓಣಿಯಲ್ಲೇ ನಾಲ್ಕಿವೆ. ನಾಲ್ಕರಲ್ಲೂ ಹೊರಡುವ ಪದ್ಧತಿ ಒಂದೇ. ಎರಡು ದಿನದ ರಜೆಗೆ ಬಂದ ತಾಯಿ ಬ್ಯಾಗು ತುಂಬಿಕೊಂಡು ಅಡುಗೆಮನೆಯಲ್ಲಿ ನಿಂತಿರುತ್ತಾಳೆ. ಮನೆಯವರಲ್ಲಿ ಒಬ್ಬರು ಮಗುವಿನ ಕೈಗೆ ಚಿಲ್ಲರೆ ಕೊಟ್ಟು, “ಹೋಗವ್ವ, ಬಿಸ್ಕತ್ತು ತಗೊಂಡು ಬಾ” ಅನ್ನುತ್ತಾರೆ. ಮಗು ತಿರುಗಿ ಬರುವಷ್ಟರಲ್ಲಿ ತಾಯಿ ಬಸ್‌ಸ್ಟ್ಯಾಂಡಿನಲ್ಲಿರುತ್ತಾಳೆ. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಅಳಿಸದೆ ಹೊರಟರೆ ಅದು ಜಾಣತನ.

ನಮ್ಮ ಮನೆಯಲ್ಲಿ ಆ ಜಾಣತನ ಮಾಡುತ್ತಿದ್ದವಳು ನಾನು. ಮಾಡಿದ್ದಷ್ಟೇ ಅಲ್ಲ, ಬರೆದೂ ಇಟ್ಟಿದ್ದೇನೆ: “ಅಕ್ಕ ಒಂಬತ್ತೂ ನಲವತ್ತರ ಬಸ್ಸಿಗೆ ಹೋದಳು. ಪಲ್ಲವಿ ಅಳಲಿಲ್ಲ.” ಪಕ್ಕದಲ್ಲಿ ಸರಿ ಗುರುತು.

ಮಕ್ಕಳನ್ನಷ್ಟೇ ಹೀಗೆ ನಡೆಸಿಕೊಳ್ಳುತ್ತೇವೆ ಅಂದುಕೊಳ್ಳಬೇಡಿ. ಅಪ್ಪ ತೀರಿಕೊಂಡ ದಿನ ನಾನು ಯೂನಿಟ್ಟಿನಲ್ಲಿದ್ದೆ. ಓಣಿಯ ಹಿರಿಯರೊಬ್ಬರು ಆಟೋ ತಂದು, “ನಿಮ್ಮಪ್ಪಗ ಸ್ವಲ್ಪ ಆರಾಮಿಲ್ಲ, ಬಾರವ್ವ” ಅಂದರು. ಸ್ವಲ್ಪ ಆರಾಮಿಲ್ಲ ಎಂಬುದಕ್ಕೆ ನಮ್ಮ ಕಡೆ ಏನರ್ಥ ಎಂದು ಕೂಸಿಗೂ ಗೊತ್ತು. ಆದರೂ ಅವರು ದಾರಿಯುದ್ದಕ್ಕೂ ಬಿಸಿಲಿನ ಮಾತಾಡಿದರು, ನಾನು ಹೌದ್ರಿ ಹೌದ್ರಿ ಅಂದೆ. ಆ ದಿನದ ಉಳಿದದ್ದೆಲ್ಲ ಮಸುಕಾಗಿದೆ. ಆಟೋದ ಆ ಹತ್ತು ನಿಮಿಷ ಮಾತ್ರ ಇನ್ನೂ ನಿಚ್ಚಳವಾಗಿದೆ. ಹೇಳಿಬಿಟ್ಟಿದ್ದರೆ ಆಟೋದಲ್ಲೇ ಅಳುತ್ತಿದ್ದೆ, ಅಷ್ಟೇ ತಾನೆ.

ಹೊಟ್ಟೆನೋವಿಗೆ ಬರುತ್ತೇನೆ. ಮೊದಲು ನಾನು ಹಿಡಿದದ್ದು ಊಟವನ್ನು. ಡೈರಿಯಲ್ಲಿ ಮೂರು ಅಂಕಣ ಮಾಡಿದೆ: ವಾರ, ಹೊತ್ತು, ತಿಂದದ್ದು. ಮಂಡಕ್ಕಿ ಮಿರ್ಚಿಯ ಮೇಲೆ ನನಗೆ ಬಲವಾದ ಅನುಮಾನ. ಅದನ್ನು ಎಂಟು ದಿನ ನಿಲ್ಲಿಸಿದೆವು. ಅದರಿಂದ ಕಷ್ಟವಾದದ್ದು ಅವ್ವನಿಗೆ. ಆಮೇಲೆ ಹಸಿ ಶೇಂಗಾ ಅಪರಾಧಿಯಾಯಿತು. ಡಾಕ್ಟರು ಜಂತುಹುಳದ ಮಾತ್ರೆ ಕೊಟ್ಟರು. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನೋವು ಎಲ್ಲರ ಉಪಚಾರವನ್ನೂ ಮರ್ಯಾದೆಯಿಂದ ಸ್ವೀಕರಿಸಿ ಮರುದಿನ ಬೆಳಿಗ್ಗೆ ಮತ್ತೆ ಎಂಟೂವರೆಗೆ ಸರಿಯಾಗಿ ಬಂತು.

ನಮ್ಮ ಮಾತಿನಲ್ಲಿ ಹೊಟ್ಟೆ ಬರೀ ಅನ್ನದ ಚೀಲವಲ್ಲ. ಉರಿಯುವುದೂ ಅಲ್ಲೇ, ಕಿಚ್ಚು ಹತ್ತುವುದೂ ಅಲ್ಲೇ, ಇನ್ನೊಬ್ಬರ ತಪ್ಪನ್ನು ಹಾಕಿಕೊಳ್ಳುವುದೂ ಅಲ್ಲಿಗೇ. ಮಗನನ್ನು ಕಳೆದುಕೊಂಡವಳ ದುಃಖಕ್ಕೆ ಓಣಿಯ ತೆಲುಗಿನ ಹೆಂಗಸರು ‘ಕಡುಪು ಕೋತ’ ಅನ್ನುತ್ತಾರೆ, ಹೊಟ್ಟೆ ಕೊಯ್ದಂತೆ ಎಂದು. ಇಷ್ಟೆಲ್ಲ ಎರಡೆರಡು ಭಾಷೆಯಲ್ಲಿ ತಿಳಿದಿದ್ದ ನಾನು, ಮಗು ಹೊಟ್ಟೆ ಹಿಡಿದುಕೊಂಡಾಗ ಮಿರ್ಚಿಯ ಲೆಕ್ಕ ಹಾಕುತ್ತಿದ್ದೆ.

ತಿಂಗಳಾದ ಮೇಲೆ ಅಂಕಣಗಳು ಒಂದು ವಿಷಯ ಹೇಳಿದವು: ಭಾನುವಾರ ನೋವಿಲ್ಲ. ಓಹೋ, ಶಾಲೆಯಲ್ಲೇ ಏನೋ ಇದೆ ಎಂದು ಡೈರಿ ಸಮೇತ ಹೋದೆ. ಟೀಚರು ಪುಟವನ್ನು ಪೂರ್ತಿ ಓದಿ, ನಗು ತಡೆದುಕೊಂಡು ಹೇಳಿದರು: “ಅಕಿಗೆ ಗೇಟಿನ ತನಕ ಅಷ್ಟೇ ನೋವ್ರಿ. ಒಳಗ ಬಂದು ಅರ್ಧ ತಾಸಿಗೆ ಆಟಕ್ಕ ಬೀಳ್ತಾಳ. ಆದ್ರ ಮನಿಗೆ ಬಿಡೋ ಗಂಟಿ ಹೊಡೀತಿದ್ದಂಗ ಯಾರಿಗೂ ಕಾಯಂಗಿಲ್ಲ, ಓಡೇ ಹೋಗ್ತಾಳ. ಅದ್ಯಾಕ ನೋಡ್ರಿ ಸ್ವಲ್ಪ.”

ನೋಡಲಿಲ್ಲ. ಓಡುವುದನ್ನು ಬರೆಯಲು ನನ್ನ ಬಳಿ ಅಂಕಣವಿರಲಿಲ್ಲ.

ಮುಂದಿನ ಭಾನುವಾರ ಅವ್ವ ಒಗ್ಗರಣೆಗಿಟ್ಟು, “ಪಲ್ಲವಿ, ಓಡಿ ಹೋಗಿ ಕೊತ್ತಂಬರಿ ತಗೊಂಬಾ” ಅಂದಳು. ಹುಡುಗಿ ಹೊಸ್ತಿಲಲ್ಲೇ ಹೊಟ್ಟೆ ಹಿಡಿದು ಕೂತಳು. ಭಾನುವಾರವೂ ಬಂತಲ್ಲ, ಲೆಕ್ಕ ಕೆಟ್ಟಿತಲ್ಲ ಎಂದು ನನಗೆ ಸಿಟ್ಟು. “ಯಾಕ, ಈಗ ಸಾಲಿನೂ ಇಲ್ಲ, ಏನಾತು?” ಎಂದು ಗದರಿದೆ.

ಅವಳು ನೆಲ ನೋಡುತ್ತಾ ಕೇಳಿದಳು: “ನಾ ಬರೋತನಕ ನೀವಿಬ್ಬರೂ ಇರ್ತೀರೇನ?”

ಒಗ್ಗರಣೆ ಹೊತ್ತಿಹೋಯಿತು. ಅವ್ವ ಇಳಿಸಲಿಲ್ಲ, ನಾನೂ ಇಳಿಸಲಿಲ್ಲ.

ಆ ಮಧ್ಯಾಹ್ನ ಡೈರಿ ತಿರುವಿದೆ. “ಪಲ್ಲವಿ ಅಳಲಿಲ್ಲ” ಎಂದು ಆರು ಸಲ ಬರೆದಿದ್ದೆ, ಆರಕ್ಕೂ ಸರಿ ಗುರುತು. ಆರು ಸಲ ಒಂದು ಮಗು ಬಿಸ್ಕತ್ತಿನ ಪೊಟ್ಟಣ ಹಿಡಿದು ಖಾಲಿ ಅಡುಗೆಮನೆಯೊಳಗೆ ಇಣುಕಿ ನೋಡಿತ್ತು. ಮನೆ ಬಿಟ್ಟು ಹೊರಗೆ ಹೋದರೆ ಮನೆಯಲ್ಲಿದ್ದವರು ಇಲ್ಲವಾಗುತ್ತಾರೆ ಎಂಬ ಪಾಠವನ್ನು ಅದು ಚೆನ್ನಾಗಿ ಕಲಿತಿತ್ತು. ಕಲಿಸಿದವಳ ಕೈಬರಹವೂ ಚೆನ್ನಾಗಿತ್ತು.

ಹಬ್ಬಕ್ಕೆ ಅಕ್ಕ ಬಂದಾಗ, ಈ ಸಲ ಮಗಳಿಗೆ ಹೇಳಿ ಹೋಗು ಅಂದೆ.

“ಹೇಳಿದ್ರ ಅಳ್ತಾಳಲ್ಲೇ.”

“ಅಳಲಿ.”

“ಅಕಿ ಅಳಾದು ನೋಡಿದ್ರ ನನಗ ಬಸ್ ಹತ್ತಾಕ ಆಗಂಗಿಲ್ಲ. ನಿನಗೇನ್ ಗೊತ್ತು, ಬುಕ್ಕಿನ್ಯಾಗ ಗೆರಿ ಎಳ್ಯಾಕಿ!”

ಬಿಸ್ಕತ್ತು ಇಷ್ಟು ದಿನ ಮಗುವಿನ ಸಲುವಾಗಿ ಬರುತ್ತಿತ್ತೆಂದು ತಿಳಿದಿದ್ದೆ. ಬರುತ್ತಿದ್ದದ್ದು ಅಕ್ಕನ ಸಲುವಾಗಿ. ತಪ್ಪೆನ್ನಲು ನಾನು ಯಾರು? ತಾಸಿಗಿಷ್ಟು ಕಾಲರ್ ಎಂದು ತಲೆಯ ಮೇಲೆ ನಿಂತು ಕೇಳುವವರ ಕೆಳಗೆ ದುಡಿಯುವವಳು ಅವಳು. ಅಳುವ ಮಗಳ ಮುಖ ಹೊತ್ತುಕೊಂಡು ಹೋದರೆ ಸೂಜಿ ಬೆರಳಿಗಿಳಿಯುತ್ತದೆ.

ಅವ್ವ ಒಂದೇ ಮಾತು ಹೇಳಿದಳು: “ನೀನಾದ್ರೂ ಮಷೀನಿನ ಮುಂದ ಅಳ್ತಿ. ಆ ಕೂಸು ಯಾರ ಮುಂದ ಅಳಬೇಕು?”

ಸೋಮವಾರ ಬೆಳಿಗ್ಗೆ ಅಕ್ಕ ಮಗಳನ್ನು ಕೂರಿಸಿಕೊಂಡು ಹೇಳಿದಳು. ಮೂವರೂ ಕೂಡಿ ಬಸ್‌ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ಪಲ್ಲವಿ ಅತ್ತಳೆಂದರೆ, ಎರಡು ವರ್ಷದ ಬಾಕಿಯನ್ನೆಲ್ಲ ಅತ್ತಳು. ತಾಯಿಯ ಸೆರಗು ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ನಮಗೆ ಬುದ್ಧಿ ಹೇಳಿತು. ಹೂ ಮಾರುವವಳು, “ಕೂಸಿನ್ನ ಯಾಕ್ ಕರಕೊಂಡ್ ಬಂದ್ರಿ, ತಿಳಿಯಂಗಿಲ್ಲೇನು?” ಅಂದಳು. ಕಂಡಕ್ಟರು, “ಅಂಗಡಿಗೆ ಕಳ್ಸಿ ಬರ್ಬೇಕಮ್ಮಾ” ಎಂದು ನನಗೇ ಪಾಠ ಮಾಡಿದ. ಯಾವಾಗ ಬರ್ತಿ ಎಂದು ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ ನಾಡಿದ್ದು ಅನ್ನುತ್ತಿದ್ದ ಅಕ್ಕ ಈ ಸಲ, “ಗೊತ್ತಿಲ್ಲವ್ವ. ರಜಾ ಕೊಟ್ಟಾಗ ಬರ್ತೀನಿ. ಬರಾಕ ಮುಂಚೆ ಫೋನ್ ಮಾಡ್ತೀನಿ” ಅಂದಳು. ಬಸ್ಸು ಹೋಯಿತು. ಕಿಟಕಿಯಲ್ಲಿ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಪಲ್ಲವಿ ಮನೆಯ ತನಕ ಅತ್ತಳು, ಮಲಗಿದಳು, ಎದ್ದು ಎರಡು ರೊಟ್ಟಿ ತಿಂದಳು. ಹೊಟ್ಟೆನೋವು ಅಂದೇ ಹೋಯಿತೆಂದು ಬರೆಯುವ ಆಸೆಯಿದೆ, ಆದರೆ ಡೈರಿ ಒಪ್ಪುವುದಿಲ್ಲ. ಮಂಗಳವಾರವೂ ಬಂತು, ಬುಧವಾರವೂ ಬಂತು. ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಅವಳು ಶಾಲೆಗೆ ಹೊರಡುವಾಗ ನಾನು ಎಲ್ಲಿರುತ್ತೇನೆ, ಎಷ್ಟಕ್ಕೆ ಬರುತ್ತೇನೆ ಎಂದು ಹೇಳುವ ರೂಢಿ ಮಾಡಿಕೊಂಡೆ. ಹತ್ತು ನಿಮಿಷ ತಡವಾದರೆ ಬಾಗಿಲಲ್ಲೇ ವಿಚಾರಣೆ. ನಮ್ಮ ಸೂಪರ್‌ವೈಸರಿಗೂ ನಾನು ಅಷ್ಟು ಹೆದರಿದವಳಲ್ಲ.

ಕಳೆದ ತಿಂಗಳು ಯೂನಿಟ್ಟಿನಲ್ಲಿ ಕೆಲಸ ಕಡಿಮೆಯಾಯಿತು. ಹೊಲಿಯುವವರೇ ಕಡಿಮೆಯಾದ ಮೇಲೆ ಎಣಿಸುವವಳು ಯಾಕೆ ಎಂದು ಮೊದಲು ನನ್ನನ್ನು ಬಿಡಿಸಿದರು. ಅಕ್ಕನ ಫ್ಯಾಕ್ಟರಿಯಲ್ಲಿ ಜಾಗ ಇದೆಯಂತೆ. ಗುರುವಾರ ಹೊರಡಬೇಕು. ಎರಡು ದಿನ ಯಾರಿಗೂ ಹೇಳದೆ ತಿರುಗಿದೆ. ಕೊನೆಗೆ ಭಾನುವಾರ ಪಲ್ಲವಿಗೆ ತಲೆ ಬಾಚುತ್ತಾ, ಹಿಂದಿನಿಂದಲೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಅವಳ ಭುಜಗಳು ಅಲುಗಿದವು. ಜಡೆ ಕೈಯಲ್ಲಿ ಹಿಡಿದೇ ಕೂತೆ. ಎಷ್ಟು ಹೊತ್ತು ಅತ್ತಳೋ, ಎಣಿಸಲಿಲ್ಲ. ಆಮೇಲೆ ಲಂಗದಿಂದ ಮೂಗು ಒರೆಸಿಕೊಂಡು ಕೇಳಿದಳು: “ಅಜ್ಜಿಗಿ ಹೇಳಿಯೇನ?”

ಹೇಳಿರಲಿಲ್ಲ. ಇನ್ನೊಬ್ಬ ಮಗಳೂ ಹೊರಟಳೆಂದು ಮುದುಕಿ ಮೊದಲೇ ಯಾಕೆ ಕೊರಗಬೇಕು, ಬುಧವಾರ ರಾತ್ರಿ ಊಟದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡಿದ್ದೆ.

“ಇಲ್ಲ” ಅಂದೆ.

ಅರ್ಧ ಹೆಣೆದ ಜಡೆಯಲ್ಲೇ ಅವಳು ಎದ್ದು ನಿಂತು ನನ್ನ ಕೈ ಹಿಡಿದು ಎಳೆದಳು. “ಬಾ, ಈಗ್ಲೇ ಹೇಳು. ಅಜ್ಜಿ ಅಳ್ತಾಳ, ಆದ್ರ ನಾ ಬಾಜೂಕ ಕೂತಿರ್ತೀನಿ.”