ಹೂಗೈಯವನು ತಂತಿ ಮಲಗಿಸಿದ್ದು

ಅವನ ಸಲೂನಿನಲ್ಲಿ ಗಡ್ಡಕ್ಕೆ ಕೂತವರು ಅರ್ಧದಲ್ಲೇ ಗೊರಕೆ ಹೊಡೆಯುತ್ತಿದ್ದರು. ಕತ್ತಿ ಕೆನ್ನೆಯ ಮೇಲೆ ಹೋಯಿತೋ ಇಲ್ಲವೋ ಗೊತ್ತಾಗದಷ್ಟು ಹಗುರ ಅವನ ಕೈ. ಬೀದಿಯವರು ಅವನಿಗೆ ಹೂಗೈ ಎಂದು ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಬೋರ್ಡಿನ ಮೇಲಿರುವ ಹೆಸರು ಯಾರದೆಂದು ಹೊಸಬರು ಅವನನ್ನೇ ಕೇಳುತ್ತಿದ್ದರು. “ನಮ್ಮ ಯಜಮಾನರದು” ಎನ್ನುತ್ತಿದ್ದ, ಚೂರೂ ನಗದೆ.

ಕುರ್ಚಿಗಳ ಹಿಂದೆ, ಟವೆಲ್ಲು ಹಾಕುವ ಗೂಟದ ಪಕ್ಕ, ಒಂದು ಬೇಸ್ ಗಿಟಾರು ನೇತಾಡುತ್ತಿತ್ತು. ನಾಲ್ಕೇ ತಂತಿ, ತಂತಿಯೂ ದಪ್ಪ, ದನಿಯೂ ದಪ್ಪ. ಹಾಡುವವರ ಕಾಲಡಿಯ ನೆಲದ ಹಾಗೆ ಅದು. ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಎಡವುತ್ತಾರೆ. ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ ವಾದ್ಯ. ಅಕ್ಕ ಹಾಡುತ್ತಿದ್ದಳು, ಕೊಳಾಯಿ ರಿಪೇರಿಯ ಗೆಳೆಯ ಡ್ರಮ್ ಬಾರಿಸುತ್ತಿದ್ದ, ಇವನು ಹಿಂದೆ ನಿಂತು ಗುಂಯ್ ಎನ್ನಿಸುತ್ತಿದ್ದ. ಮೀಸೆ ಮೂಡಿದ ಕಾಲದಿಂದ ಇದೇ ತಂಡ.

ಆಮೇಲೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಮಾತು ಬಂತು, ಹಾಡು ಬರಲಿಲ್ಲ. ಬರುವುದಿಲ್ಲ ಎಂದು ಡಾಕ್ಟರೇನೂ ಹೇಳಿರಲಿಲ್ಲ. ಅಕ್ಕನೇ ಹಾಗೆ ತೀರ್ಮಾನ ಮಾಡಿಕೊಂಡು ಕೂತಿದ್ದಳು. ಬಹಳ ದಿನ ಹಾಗೇ ಇದ್ದವಳು ಒಂದು ದಿನ ಸಲೂನಿಗೆ ಬಂದು, ಖಾಲಿ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ತಮ್ಮನ ಮುಖ ನೋಡಿ ಹೇಳಿದಳು: “ಹಾಡ್ತೀನಿ. ಒಂದೇ ಹಾಡು. ಬರೋ ಭಾನುವಾರ, ಬೀದಿ ಕೊನೆಯ ಹಾಲ್‌ನಲ್ಲಿ. ಶುರುವಲ್ಲಿ ನೀನು ನುಡಿಸಿ, ಪೂರ್ತಿ ನಿಲ್ಲಿಸ್ಬೇಕು. ಒಂದಿಷ್ಟೂ ಸದ್ದು ಇರಬಾರದು. ಆಗ ನಾನು ಸಣ್ಣಗೆ ಎತ್ಕೋತೀನಿ. ಈಗ ನನ್ನ ದನಿ ಇರೋದೇ ಅಷ್ಟು. ಆಮೇಲೆ ನೀವಿಬ್ರೂ ಸೇರ್ಕೊಳ್ಳಿ.”

“ಅದೇನು ಮಹಾ” ಅಂದುಬಿಟ್ಟ ಹೂಗೈ. ಸಂತೋಷ ಹೆಚ್ಚಾದರೆ ಮನುಷ್ಯ ಹೀಗೇ ಏನಾದರೂ ಅಂದುಬಿಡುತ್ತಾನೆ.

ಅಭ್ಯಾಸಕ್ಕೆ ಕೂತಾಗ ಗೊತ್ತಾಯಿತು, ಮಹಾ ಏನೆಂದು. ಸ್ವರ ನುಡಿಸಿದ, ನಿಲ್ಲಿಸಲು ತಂತಿ ಮುಟ್ಟಿದ. ದಪ್ಪ ದನಿ ಹೋಯಿತು. ಅದರ ಜಾಗದಲ್ಲಿ ತೆಳ್ಳಗೆ, ಎತ್ತರದಲ್ಲಿ, ‘ಟಿಂಯ್’ ಎಂದು ಇನ್ನೊಂದು ಎದ್ದು ಕೂತಿತು. ಇಷ್ಟು ವರ್ಷ ಡ್ರಮ್ಮಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಹಾಡಲು ಬಾಯಿ ತೆರೆದಿದ್ದ ಅಕ್ಕ ಮುಚ್ಚಿದಳು.

“ನನ್ನ ಶ್ರುತಿ ಅದರ ಹಿಂದೇನೇ ಹೋಗ್ಬಿಡತ್ತೆ ಕಣೋ. ಇದಿದ್ರೆ ನನ್ನ ಕೈಲಾಗಲ್ಲ.”

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಹೇಳಿದಳು. ಈ ಸಲ ಬಿಟ್ಟರೆ ಅಕ್ಕ ಇನ್ನು ಹಾಡುವ ಮಾತೆತ್ತುವುದಿಲ್ಲ ಎಂದು ಹೂಗೈಗೆ ಗೊತ್ತಿತ್ತು.

ಶುರುವಾಯಿತು ನೋಡಿ ಅವನ ಪಾಡು. ತಂತಿ ಹಳತಾಗಿದೆ ಎಂದು ಹೊಸದು ಹಾಕಿದ. ಹೊಸದು ಇನ್ನೂ ಚುರುಕಾಗಿ ಟಿಂಯ್ ಅಂದಿತು. ಲೋಕದ ಕಷ್ಟಗಳನ್ನೆಲ್ಲ ಪೈಪಿನ ಲೆಕ್ಕದಲ್ಲೇ ನೋಡುವ ಗೆಳೆಯ “ಎಲ್ಲೋ ಲೀಕ್ ಇದೆ” ಎಂದು ಆಂಪ್ಲಿಫೈಯರಿನ ವೈರು ಬದಲಾಯಿಸಿದ. ವೈರಿಗೆ ಇದರ ಗೊಡವೆಯೇ ಇರಲಿಲ್ಲ. ಕೊನೆಗೆ ತಂತಿಗಳ ಬುಡಕ್ಕೆ ಒಂದು ಸ್ಪಂಜಿನ ತುಂಡು ತುರುಕಿದರು. ಟಿಂಯ್ ಹೋಯಿತು, ಜೊತೆಗೆ ಗಿಟಾರಿನ ಜೀವವೂ ಹೋಯಿತು. ಬಾಗಿಲು ತಟ್ಟಿದ ಹಾಗೆ ಬರೀ ದಬ್ ದಬ್.

“ಯಾರೋ ಬಂದ್ರು, ನೋಡು” ಅಂದಳು ಅಕ್ಕ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸ್ಪಂಜನ್ನು ಕಿತ್ತು ಬಿಸಾಡಿದರು. ಸಮಸ್ಯೆ ಮಾತ್ರ ಇದ್ದಲ್ಲೇ ಇತ್ತು.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಗಿಟಾರು ಹಿಡಿದು ಮನೆಯಲ್ಲೇ ಕೂತ. ಮಗಳು ಕೆಲಸಕ್ಕೆ ಹೋಗಿದ್ದಳು. ಅವಳ ಕೂಸು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಟಿಂಯ್ ಅಂದದ್ದೇ ಕೂಸು ಮುಲುಗಿತು. ಅಜ್ಜ ಓಡಿಹೋಗಿ, ಬೀದಿಯಲ್ಲೆಲ್ಲ ಹೆಸರಾದ ಆ ಹಗುರವಾದ ಬೆರಳನ್ನು ಕೂಸಿನ ಕೆನ್ನೆಗೆ ಸೋಕಿಸಿದ. ಅಷ್ಟೇ, ಮನೆ ಹಾರಿಹೋಗುವ ಹಾಗೆ ಅಳು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

“ರೀ, ಒಂದು ಬೆರಳಲ್ಲಿ ಹಾಗೆ ಸೋಕಿಸ್ತಾರಾ ಯಾರಾದ್ರೂ? ಕಚಗುಳಿಯಾಗಿ ಇನ್ನೂ ಎಚ್ಚರ ಆಗತ್ತೆ. ಅಂಗೈ ಪೂರ್ತಿ ಇಡಿ. ಭಾರ ಗೊತ್ತಾಗ್ಬೇಕು.” ಅವಳು ಕೂಸಿನ ಎದೆಯ ಮೇಲೆ ಅಂಗೈ ಹರವಿದಳು. ಕೂಸು ಒಮ್ಮೆ ಕಾಲು ಝಾಡಿಸಿ, ಸ್ವಲ್ಪ ಹೊತ್ತಿಗೆ ನಿಟ್ಟುಸಿರು ಬಿಟ್ಟು ಮಲಗಿತು.

ಹೂಗೈ ಹೆಂಡತಿಯ ಅಂಗೈ ನೋಡಿದ, ತನ್ನ ಬೆರಳು ನೋಡಿದ. ಗಿಟಾರಿನ ಹತ್ತಿರ ಹೋಗಿ, ಮೆಲ್ಲಗೆ ನುಡಿಸಿ, ಎಂದಿನಂತೆ ಒಂದು ಬೆರಳಿನ ತುದಿ ತಾಗಿಸಿದ. ಟಿಂಯ್. ತಂತಿ ನಿಂತಿರಲೇ ಇಲ್ಲ. ಬೆರಳು ಸೋಕಿದಲ್ಲಿ ಪಾಲಾಗಿ, ಅಕ್ಕಪಕ್ಕದ ತುಂಡುಗಳಲ್ಲಿ ಸಣ್ಣಗೆ ಅಲುಗುತ್ತಲೇ ಇತ್ತು. ಕೆನ್ನೆಗೆ ಮಾಡುವುದನ್ನೇ ಅವನು ಇಷ್ಟು ವರ್ಷ ತಂತಿಗೂ ಮಾಡಿಕೊಂಡು ಬಂದಿದ್ದ. ಈ ಸಲ ನುಡಿಸಿ, ಎಡಗೈಯ ಎಲ್ಲ ಬೆರಳನ್ನೂ ಉದ್ದಕ್ಕೆ ಮಲಗಿಸಿದ, ಬಲ ಅಂಗೈಯ ಅಂಚನ್ನೂ ನಾಲ್ಕೂ ತಂತಿಗಳ ಮೇಲೆ ಒರಗಿಸಿದ. ಏನೂ ಇಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಗೆಳೆಯ ಹೋದ ವಾರವಷ್ಟೇ ರಿಪೇರಿ ಮಾಡಿದ ನಲ್ಲಿ.

“ಮಲಗ್ತು ಕಣೇ” ಅಂದ, ಉಬ್ಬಿಹೋಗಿ.

“ಗೊತ್ತು, ಮಲಗಿಸಿದ್ದು ನಾನೇ. ಮೆತ್ತಗೆ ಮಾತಾಡಿ” ಅಂದಳು ಹೆಂಡತಿ.

ಭಾನುವಾರ ಹಾಲ್ ತುಂಬ ಅವನ ಗಿರಾಕಿಗಳೇ. ಅಷ್ಟೂ ಜನರ ನುಣ್ಣನೆಯ ಕೆನ್ನೆಗಳ ಎದುರು ಅಕ್ಕ ಮೈಕು ಹಿಡಿದು ನಿಂತಳು. ಹೂಗೈ ನುಡಿಸಿದ. ಎರಡೂ ಕೈಗಳನ್ನು ತಂತಿಯ ಮೇಲೆ ಹಾಸಿದ. ಸದ್ದೆಲ್ಲ ಇಂಗಿಹೋಯಿತು, ಚೂರೂ ಉಳಿಯಲಿಲ್ಲ. ಅಕ್ಕ ಆ ಮೌನವನ್ನು ಒಂದು ಗಳಿಗೆ ಕೇಳಿಸಿಕೊಂಡು, ಎತ್ತಿಕೊಂಡಳು.

ಹಳೆಯ ದನಿಯಲ್ಲ ಅದು. ತಗ್ಗಿನದು, ತುಸು ಒರಟು, ಆದರೆ ಶ್ರುತಿ ಕದಲಲಿಲ್ಲ. ಮೂರನೆಯ ಸಾಲಿಗೆ ಅವಳು ಕಣ್ಣು ಮುಚ್ಚಿದಳು. ಡ್ರಮ್ ಮೆಲ್ಲಗೆ ಸೇರಿಕೊಂಡಿತು. ಬೇಸ್ ಸೇರಲಿಲ್ಲ. ಗೆಳೆಯ ಗದ್ದ ಎತ್ತಿ ಸನ್ನೆ ಮಾಡಿದ, ಕಣ್ಣು ಬಿಟ್ಟ, ಕಡೆಗೆ ಕೈಬಿಟ್ಟ. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಅಕ್ಕ ಹಿಂದಕ್ಕೆ ತಿರುಗಿದಳು. ತಮ್ಮನ ಕೈ ಎರಡೂ ಇನ್ನೂ ತಂತಿಯ ಮೇಲೇ ಇದ್ದವು. ಒರೆಸಲು ಕೈ ಬಿಡುವಿಲ್ಲದೆ ಕಣ್ಣೀರು ಗದ್ದದವರೆಗೆ ಇಳಿದಿತ್ತು.

“ಎಲ್ಲೋ ಹೋಗಿದ್ದೆ ನೀನು?”

“ಇಲ್ಲೇ ಇದ್ದೆ ಅಕ್ಕ” ಅಂದ. “ಕೇಳ್ತಾ ಇದ್ದೆ.”