ಫ್ರಾಂಕರ ಸೋಮನಾಥ

ಸೋಮನಾಥ ಸ್ಯಾನ್ ಡಿಯೇಗೊದ ರ್ಯಾಂಚೊ ಬರ್ನಾರ್ಡೊಗೆ ಬಂದದ್ದು ೨೦೦೧ರ ಬೇಸಿಗೆಯಲ್ಲಿ, ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು. ಹೆಂಡತಿ ಶೀತಲ್ ಫೋನಿನ ಚಿಪ್ ವಿನ್ಯಾಸ ಮಾಡುವ ಎಂಜಿನಿಯರ್. ಇವನು ಬಿಜಾಪುರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು. ಅಮೆರಿಕದಲ್ಲಿ ಇವನು ಇರಬಹುದು, ಉಣ್ಣಬಹುದು, ಬೇಕಾದರೆ ಓದಬಹುದು, ಆದರೆ ದುಡಿಯುವಂತಿಲ್ಲ ಎಂಬುದು ಆ ವೀಸಾದ ಕಟ್ಟಳೆ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಅಲ್ಲಿನ ನಮ್ಮ ಕನ್ನಡದವರು ಅವನನ್ನು "ಇವ್ರು ಶೀತಲ್ ಹಸ್ಬೆಂಡ್" ಎಂದು ಪರಿಚಯಿಸಿ, ಮುಂದೆ ಹೇಳಲು ಏನೂ ಹೊಳೆಯದೆ "ಅಡುಗೆ ತುಂಬಾ ಚೆನ್ನಾಗಿ ಮಾಡ್ತಾರೆ" ಎಂದು ಸೇರಿಸುತ್ತಿದ್ದರು. ಅದು ಶುದ್ಧ ಸುಳ್ಳು. ಅವನಿಗೆ ಅನ್ನ ಬಸಿಯಲೂ ಬರುತ್ತಿರಲಿಲ್ಲ.

ಅವನು ಎರಡು ವರ್ಷ ಟಿವಿ ನೋಡಿ, ಹಿತ್ತಲಿನ ನಿಂಬೆಗಿಡಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕಿ ಅದನ್ನು ಕೊಂದ ಮೇಲೆ ಶೀತಲ್ ಹೇಳಿದಳು: "ನೀನು ಏನಾದ್ರೂ ಓದು. ಇಲ್ಲಾಂದ್ರೆ ಇಬ್ರಿಗೂ ಹುಚ್ಚು ಹಿಡಿಯುತ್ತೆ."

ಅವನು ಲಾಂಗ್ ಬೀಚಿನಲ್ಲಿ ಇತಿಹಾಸದ ಎಂ.ಎ.ಗೆ ಅಪ್ಲೈ ಮಾಡಿದ. ಮನಸ್ಸಿನಲ್ಲಿದ್ದದ್ದು ಆದಿಲಶಾಹಿ ಸುಲ್ತಾನರು. ಆದರೆ ಅವನ ಪಾಲಿಗೆ ಬಂದ ಮುದುಕಿ ಪ್ರೊಫೆಸರು, ಹೋಟೆಲಿನಲ್ಲಿ ಮಸಾಲೆ ದೋಸೆ ಮುಗಿದಿದೆ, ಸೆಟ್ ದೋಸೆ ಇದೆ ಎನ್ನುವ ಸಮಾಧಾನದಲ್ಲಿ, ಸುಲ್ತಾನರು ತನಗೆ ಗೊತ್ತಿಲ್ಲ, ಫ್ರಾಂಕರು ಗೊತ್ತು ಎಂದಳು. ಫ್ರಾಂಕರೆಂದರೆ ಸಾವಿರದ ಇನ್ನೂರು ವರ್ಷಗಳ ಹಿಂದೆ ಈಗಿನ ಫ್ರಾನ್ಸು, ಜರ್ಮನಿಗಳನ್ನು ಆಳಿದ ಜನ. ಹೀಗೆ ಬಿಜಾಪುರದ ಸೋಮನಾಥ, ಮೊಸೆಲ್ ನದಿಯ ದಂಡೆಯಲ್ಲಿ ದ್ರಾಕ್ಷಿತೋಟಗಳನ್ನಿಟ್ಟುಕೊಂಡಿದ್ದ ಆಡಲ್ಬೋಲ್ಡ್ ಎಂಬ ಜಹಗೀರದಾರನ ವಂಶವನ್ನೂ, ಆ ವಂಶ ಸಾಕಿದ ಒಂದು ಸನ್ಯಾಸಿಮಠವನ್ನೂ ತನ್ನ ಪಾಲಿನ ಪ್ರಪಂಚವೆಂದು ಒಪ್ಪಿಕೊಂಡ.

ವಾರಕ್ಕೆರಡು ಸಲ ಹಳೆಯ ಕೊರೊಲ್ಲಾ ಕಾರಿನಲ್ಲಿ ಲಾಂಗ್ ಬೀಚಿಗೆ ಡ್ರೈವ್ ಮಾಡುತ್ತಿದ್ದ. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಕಿಟಕಿ ಇಳಿಸಿ ಲ್ಯಾಟಿನ್ ವಿಭಕ್ತಿಗಳನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದ. ಒಮ್ಮೆ ಪಕ್ಕದ ಲೇನಿನ ಟ್ರಕ್ಕಿನವನು, ಇವನು ತನ್ನನ್ನೇ ಬೈಯುತ್ತಿದ್ದಾನೆಂದು ತಿಳಿದು ತಿರುಗಿ ಬೈದ. ನಮ್ಮವರಿಗೆ ಸುದ್ದಿ ಮುಟ್ಟಿದ ಮೇಲೆ ಅವನು "ಶೀತಲ್ ಹಸ್ಬೆಂಡ್" ಹೋಗಿ "ಫ್ರಾಂಕ್ ಸೋಮನಾಥ" ಆದ. ಕೆಲವರು ಅದು ಅವನು ಇಟ್ಟುಕೊಂಡ ಅಮೆರಿಕನ್ ಹೆಸರು ಎಂದುಕೊಂಡು "ಹಾಯ್ ಫ್ರಾಂಕ್" ಅನ್ನತೊಡಗಿದರು.

ಅವನನ್ನು ಮೊದಲ ಸಲ ಗಂಭೀರವಾಗಿ ತೆಗೆದುಕೊಂಡ ಮನುಷ್ಯ ನೀಲಕಂಠಪ್ಪ. ಬಾಗಲಕೋಟೆ ಕಡೆಯವರು. ಮನೆ ಕೊಳ್ಳುವವರಿಗೆ ಸಾಲ ಹೊಂದಿಸಿಕೊಡುವ ದಂಧೆ. ಆಗ ಸ್ಯಾನ್ ಡಿಯೇಗೊದಲ್ಲಿ ಉಸಿರಾಡುವವರಿಗೆಲ್ಲ ಸಾಲ ಸಿಗುತ್ತಿದ್ದ ಕಾಲ; ನೀಲಕಂಠಪ್ಪನವರು ದುಡ್ಡಿನಿಂದ ಊದಿಕೊಂಡಿದ್ದರು. ರ್ಯಾಂಚೊ ಪೆನಾಸ್ಕಿಟೋಸಿನಲ್ಲಿ ಮುಚ್ಚಿಹೋಗಿದ್ದ ಒಂದು ಕರಾಟೆ ಶಾಲೆಯ ಕಟ್ಟಡ ಕೊಂಡು, ಅದನ್ನು ಮಠ ಮಾಡುವುದೆಂದು ಸಾರಿದ್ದರು. ಒಂದು ಭಾನುವಾರ ಸೋಮನಾಥನನ್ನು ಮನೆಗೆ ಕರೆಸಿ, ರೊಟ್ಟಿ, ಮಸಾಲೆ ತುಂಬಿದ ಬದನೆಯ ಎಣಗಾಯಿ ಬಡಿಸಿ, ವಿಷಯಕ್ಕೆ ಬಂದರು.

"ಏನ್ರೀ, ಆ ಫ್ರಾಂಕರ ಮುತ್ತಜ್ಜನ್ನ ಹುಡುಕಾಕ ಅಷ್ಟು ದೂರ ಹೊಕ್ಕೀರಿ. ನಮ್ಮ ಮುತ್ತಜ್ಜ ಏನ್ ಪಾಪ ಮಾಡ್ಯಾನ? ಮಠದ ಉದ್ಘಾಟನಾಕ ಸ್ಮರಣ ಸಂಚಿಕೆ ತರಾಕತ್ತೀವಿ. ಅದರಾಗ ನಮ್ಮ ವಂಶಾವಳಿ ಬರಬೇಕು."

ಸೋಮನಾಥ ಪ್ರಾಮಾಣಿಕವಾಗಿ ಕಷ್ಟ ಹೇಳಿಕೊಂಡ. ಹಳೆಯ ಕಾಲದ ಯಾರಿಗೂ ವಂಶಾವಳಿ ಸುಮ್ಮನೆ ಉಳಿಯುವುದಿಲ್ಲ. ಆಡಲ್ಬೋಲ್ಡನ ಹೆಸರು ಉಳಿದದ್ದು ಅವನು ಮಠಕ್ಕೆ ತೋಟ ಕೊಟ್ಟಿದ್ದರಿಂದ. ದಾನಪತ್ರ ಬರೆದು ಕಾಯ್ದವರು ಸನ್ಯಾಸಿಗಳು. "ಕೊಡದವ್ರ ಹೆಸರು ಬರಿಯೋರು ಯಾರೂ ಇರ್ಲಿಲ್ರೀ. ಕೊಟ್ಟವ್ರಿಗಷ್ಟ ಅಜ್ಜ ಇದ್ದ."

ನೀಲಕಂಠಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹಂಗಾರ ನಾ ಈಗ ಕೊಟ್ಟರ ನನ್ನ ಮೊಮ್ಮಗಗ ಅಜ್ಜ ಇರ್ತಾನ."

"ಇರ್ತಾನ್ರೀ."

"ಕೊಟ್ಟ ಮ್ಯಾಲ ಅವ್ರ ಕೈಯಾಗ ಏನೂ ಉಳೀಲಿಲ್ಲೇನು?"

ಇಷ್ಟು ಆಸಕ್ತಿಯ ಪ್ರಶ್ನೆಯನ್ನು ಅವನಿಗೆ ಲಾಂಗ್ ಬೀಚಿನಲ್ಲೂ ಯಾರೂ ಕೇಳಿರಲಿಲ್ಲ. ಉಬ್ಬಿಹೋದ ಸೋಮನಾಥ ಎಲ್ಲವನ್ನೂ ಬಿಡಿಸಿ ಹೇಳಿದ. ಮಠಕ್ಕೆ ಕೊಟ್ಟ ತೋಟವನ್ನು ಆಡಲ್ಬೋಲ್ಡ್ ಬದುಕಿರುವತನಕ ತಾನೇ ಅನುಭವಿಸುತ್ತಿದ್ದ. ಮಠಾಧಿಪತಿಯನ್ನು ನೇಮಿಸುವ ಹಕ್ಕು ಅವನದೇ. ಮೊದಲ ಅಧಿಪತಿ ಅವನ ತಮ್ಮ, ಎರಡನೆಯವನು ತಂಗಿಯ ಮಗ. ಸತ್ತ ತಾಯಿಯ ಎಲುಬುಗಳನ್ನು ಗುಡಿಯೊಳಗಿಟ್ಟು ಅವಳನ್ನು ಸಂತಳನ್ನಾಗಿ ಮಾಡಿದರು. ಇದೆಲ್ಲ ಧರ್ಮದ ಹೆಸರಿನಲ್ಲಿ ಆಸ್ತಿ ಕಾಯುವ ಹಂಚಿಕೆ ಎಂಬುದು ಸೋಮನಾಥನ ಟೀಕೆ. ನೀಲಕಂಠಪ್ಪನವರು ಟೀಕೆಯನ್ನು ಬಿಟ್ಟು ಹಂಚಿಕೆಯನ್ನು ಇಟ್ಟುಕೊಂಡರು.

ಮುಂದಿನ ವರ್ಷ ಮಠದ ನಿಯಮಾವಳಿ, ಅಂದರೆ ಬೈಲಾ ಬಂದಾಗ, ಸ್ವಾಮಿಗಳನ್ನು ಆರಿಸುವ ಹಕ್ಕು ಸ್ಥಾಪಕರದು, ಕಟ್ಟಡದ ಹಿಂದಿನ ಕೋಣೆಗಳ ಬಳಕೆಯೂ ಸ್ಥಾಪಕರದು ಎಂದಿತ್ತು. ಮೊದಲ ಸ್ವಾಮಿಗಳಾಗಿ ಬಂದವನು ಅವರ ತಂಗಿಯ ಮಗ ರಾಚಯ್ಯ. ಮುಧೋಳದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿದ್ದ ಹುಡುಗ, ಆರು ತಿಂಗಳು ಎಲ್ಲೋ ಮಂತ್ರ ಕಲಿತು, ಧರ್ಮಕಾರ್ಯದ ವೀಸಾದಲ್ಲಿ ಇಳಿದಿದ್ದ. ತಾಯಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತೊಡಕಾಯಿತು. ನೀಲಕಂಠಪ್ಪನವರ ತಾಯಿ ಅನ್ನಪೂರ್ಣವ್ವ ಎಂಬತ್ತರ ಹತ್ತಿರ ಬಂದರೂ ಗಟ್ಟಿಮುಟ್ಟಾಗಿದ್ದರು. ಗದ್ದುಗೆಯ ಪಕ್ಕ ಅವರ ದೊಡ್ಡ ಫೋಟೋಗೆ ಗಂಧದ ಹಾರ ಹಾಕಿದ್ದನ್ನು ಕಂಡು ಮುದುಕಿ ಕೂಗಾಡಿದರು.

"ಏ ನೀಲ್ಯಾ! ನಾ ಇನ್ನೂ ಅದೀನಿ! ಮುಂಜಾನಿ ಎರಡು ರೊಟ್ಟಿ ತಿಂದೀನಿ!"

"ಅವ್ವಾ, ಇದು ಗೌರವ."

"ಗೌರವ ಇದ್ರ ಹಾರ ನನ್ನ ಕೊಳ್ಳಾಗ ಹಾಕು. ಗ್ವಾಡಿಗ್ಯಾಕ ಹಾಕ್ತೀ?"

ಹಾರ ತೆಗೆದರು, ಫೋಟೋ ಉಳಿಯಿತು.

ವಂಶಾವಳಿಗಾಗಿ ಸೋಮನಾಥ ಅನ್ನಪೂರ್ಣವ್ವನವರನ್ನೇ ಕೇಳಿದ. ಅವರು ಬೆಳ್ಳುಳ್ಳಿ ಸುಲಿಯುತ್ತಾ ಹೇಳಿದರು: "ನಮ್ಮ ಮಾವ ಊರ ಮಠದ ಎತ್ತು ಕಾಯ್ತಿದ್ರು. ಅವರಪ್ಪನೂ ಅದನ್ನ ಮಾಡ್ತಿದ್ರಂತ. ಅದರಾಚಿಗೆ ನಂಗೊತ್ತಿಲ್ಲ. ಎತ್ತಿನ ಹೆಸರು ಬೇಕಾದ್ರ ಹೇಳ್ತೀನಿ." ಸೋಮನಾಥ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಬರೆದು, ಮಠದ ಎತ್ತುಗಳನ್ನು ಕಾದ ಸೇವೆಯನ್ನೂ ಗೌರವದಿಂದ ನಮೂದಿಸಿ ಕೊಟ್ಟ.

೨೦೦೫ರ ಶಿವರಾತ್ರಿಗೆ ಉದ್ಘಾಟನೆ. ಸ್ಮರಣ ಸಂಚಿಕೆ ಕೈಗೆ ಬಂದಾಗ ಸೋಮನಾಥ ಮೊದಲು ವಂಶಾವಳಿಯ ಪುಟ ತೆರೆದ. ಮೂರು ಹೆಸರುಗಳ ಮೇಲೆ ಇನ್ನಷ್ಟು ತಲೆಮಾರು ಬೆಳೆದು, ತುದಿಯಲ್ಲಿ ಒಬ್ಬ ಮಹಾಮಂಡಲೇಶ್ವರ ಕಿರೀಟ ಹಾಕಿಕೊಂಡು ಕೂತಿದ್ದ. ಎತ್ತು ಕಾಯುತ್ತಿದ್ದ ಅಜ್ಜ "ಮಠದ ಗೋಸಂಪತ್ತಿನ ಅಧಿಪತಿ" ಆಗಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ: ಸಂಶೋಧನೆ, ಪ್ರೊಫೆಸರ್ ಸೋಮನಾಥ, ಲಾಂಗ್ ಬೀಚ್.

ನೀಲಕಂಠಪ್ಪನವರನ್ನು ಚಪ್ಪಲಿ ಬಿಡುವ ಜಾಗದಲ್ಲಿ ಹಿಡಿದು ಕೇಳಿದ. "ಇದನ್ನ ನಾ ಬರದಿಲ್ರೀ."

"ನೀವು ಬೇರು ಕೊಟ್ರಿ. ನಾವು ಗಿಡ ಬೆಳಸಿದ್ವಿ."

"ಸುಳ್ಳು ಐತ್ರೀ ಇದು. ನನ್ನ ಹೆಸರು ಹಾಕೀರಿ."

"ಪ್ರೊಫೆಸರ್ ಅಂತ ಹಾಕೀವಲ್ರೀ. ಇಲ್ಲೀತನಕ ನಿಮ್ಮನ್ನ ಹಂಗ ಯಾರ್ ಕರದಾರ?"

ಸಭೆಯಲ್ಲಿ ಶಾಲು ಹೊದಿಸಿದಾಗ ಸೋಮನಾಥ ಮೈಕ್ ತೆಗೆದುಕೊಂಡು, "ಈ ವಂಶಾವಳಿಯಲ್ಲಿ ಮೂರು ಹೆಸರು ಮಾತ್ರ ನಿಜ" ಎಂದು ಸ್ಪಷ್ಟವಾಗಿ ಹೇಳಿಯೇಬಿಟ್ಟ. ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಊಟದ ಸಾಲಿನಲ್ಲಿ, ಲಾಂಗ್ ಬೀಚ್ ಬಂದರಿನಲ್ಲಿ ಸರಕಿನ ವ್ಯವಹಾರವಿದ್ದ ಉಡುಪಿಯ ದೇವದಾಸರು ಅವನ ಪಕ್ಕಕ್ಕೆ ಬಂದು, "ನಮ್ಮ ಫ್ಯಾಮಿಲಿದೂ ಒಂದು ಮಾಡಿ ಕೊಡ್ಬಹುದಾ ಮಾರಾಯ್ರೆ? ಕಿರೀಟ ಬೇಡ. ಸಣ್ಣ ರಾಜ ಸಾಕು" ಎಂದರು.

ಮನೆಗೆ ಹೋಗುವಾಗ ಅವನು ಸಂಚಿಕೆಯನ್ನು ಕಾರಿನ ಹಿಂದಿನ ಸೀಟಿಗೆ ಎಸೆದ. ಶೀತಲ್ ಕೇಳಿದಳು: "ಇನ್ಮೇಲೆ ಅಲ್ಲಿಗೆ ಹೋಗೋದು ಬೇಡ್ವಾ?"

"ಎಣಗಾಯಿ ಚಲೋ ಮಾಡ್ತಾರ," ಎಂದ ಸೋಮನಾಥ. ಹೇಳಿದ ಮೇಲೆ ತನ್ನ ಮಾತು ತನಗೇ ಚುಚ್ಚಿತು.

ಅಲ್ಲಿತನಕ ಅವನ ಪ್ರಬಂಧದ ಮುಖ್ಯ ವಾದ ಒಂದೇ: ಆಡಲ್ಬೋಲ್ಡನ ವಂಶಾವಳಿಯ ಮೊದಲ ನಾಲ್ಕು ತಲೆಮಾರು ಬೋಗಸ್, ಅದನ್ನು ಬರೆದ ಸನ್ಯಾಸಿ ನಾಚಿಕೆಗೆಟ್ಟ ಸುಳ್ಳುಗಾರ. ಆ ಸನ್ಯಾಸಿಯನ್ನು ಬೈಯಲು ಅವನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದ. ಈಗ ಅದನ್ನು ಹರಿದು ಹೊಸದಾಗಿ ಬರೆದ. ಹೊಸ ಅಧ್ಯಾಯದಲ್ಲಿ ಆ ಸನ್ಯಾಸಿ, ಚಳಿಯ ದೇಶದ ಮಠದಲ್ಲಿ ಒಬ್ಬ ಓದಿದವನು. ಅವನ ಊಟ, ಕಂಬಳಿ, ಮೇಣದಬತ್ತಿ ಎಲ್ಲ ಜಹಗೀರದಾರನ ಕೊಡುಗೆ. ಅವನು ಮೂರು ಹೆಸರು ಬರೆದುಕೊಟ್ಟನೋ ಏನೋ, ಉಳಿದವನ್ನು ಯಾರು ಸೇರಿಸಿದರೋ. ಒಂದು ದಿನ ಎದ್ದು ನಿಂತು ನಿಜ ಹೇಳಿದ್ದರೂ ಕೇಳಿದವರು ಅದನ್ನು ವಿನಯವೆಂದಿರಬಹುದು. ಪ್ರೊಫೆಸರು ಓದಿ, ಕನ್ನಡಕ ತೆಗೆದು, ಇಡೀ ಪ್ರಬಂಧದಲ್ಲಿ ಜೀವವಿರುವ ಮನುಷ್ಯ ಈ ಸನ್ಯಾಸಿಯೊಬ್ಬನೇ, ಇವನ ಬಗ್ಗೆ ಇಷ್ಟು ಹೇಗೆ ತಿಳಿಯಿತು ಎಂದು ಕೇಳಿದಳು. ಸ್ಯಾನ್ ಡಿಯೇಗೊದಲ್ಲಿ ಕ್ಷೇತ್ರಕಾರ್ಯ ಮಾಡಿದೆ ಎಂದ ಸೋಮನಾಥ.

ಡಿಗ್ರಿ ಬಂತು. ಶೀತಲ್‌ಗೆ ಗ್ರೀನ್ ಕಾರ್ಡ್ ಬಂದದ್ದರಿಂದ ಅವನಿಗೂ ಬಂತು. ೨೦೦೭ರಲ್ಲಿ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಸಿಕ್ಕಿತು, ಬೆಳಗಿನ ಏಳರ ತರಗತಿ. ಅರ್ಧ ಮಕ್ಕಳು ನಿದ್ದೆಗಣ್ಣಿನಲ್ಲಿ ಬರುತ್ತಿದ್ದರು, ಉಳಿದರ್ಧ ಬರುತ್ತಲೇ ಇರಲಿಲ್ಲ. ಅವನು ಸುಖವಾಗಿದ್ದ.

ಅದೇ ಹೊತ್ತಿಗೆ ಮನೆಸಾಲದ ದಂಧೆ ಕುಸಿಯಿತು. ನೀಲಕಂಠಪ್ಪನವರ ಆಫೀಸು ಹೋಯಿತು, ಬೆಟ್ಟದ ಮೇಲಿನ ಮನೆಯನ್ನು ಬ್ಯಾಂಕು ತೆಗೆದುಕೊಂಡಿತು. ಮಠದ ಹೆಸರಿಗೆ ಬರೆದಿದ್ದ ಕಟ್ಟಡ ಮಾತ್ರ ಉಳಿಯಿತು. ಬೈಲಾದ ಪ್ರಕಾರ ತಾಯಿಯ ಜೊತೆ ಹಿಂದಿನ ಕೋಣೆಗಳಿಗೆ ಬಂದು ಸೇರಿದರು. ಆದರೆ ರಾಚಯ್ಯ ಅಷ್ಟರಲ್ಲಿ ನಿಜವಾಗಿಯೂ ಸ್ವಾಮಿಯಾಗಿಬಿಟ್ಟಿದ್ದ. ಜನ ಕಾಲಿಗೆ ಬಿದ್ದೂ ಬಿದ್ದೂ ಅವನ ನಡಿಗೆಯೇ ಬದಲಾಗಿತ್ತು. ಮಠದಲ್ಲಿರುವವರು ಐದಕ್ಕೆ ಏಳಬೇಕು, ಕಸ ಗುಡಿಸಬೇಕು, ಕ್ರಿಕೆಟ್ ನೋಡಬಾರದು ಎಂದು ಸೋದರಮಾವನಿಗೆ ಕಟ್ಟಪ್ಪಣೆ ಮಾಡಿದ.

೨೦೦೮ರ ದಸರೆಗೆ ಸೋಮನಾಥ ಹೋದಾಗ ನೀಲಕಂಠಪ್ಪನವರು ಹಾಲ್‌ನಲ್ಲಿ ಪೊರಕೆ ಹಿಡಿದಿದ್ದರು. ಅವನನ್ನು ಕಂಬದ ಮರೆಗೆ ಕರೆದು ದನಿ ತಗ್ಗಿಸಿದರು.

"ತಂಗಿ ಮಗ ತಿರುಗಿ ಬಿದ್ದಾಗ ನಿಮ್ಮ ಫ್ರಾಂಕರು ಏನ್ ಮಾಡಿದ್ರು?"

"ರಾಜನ ಹತ್ರ ದೂರು ಒಯ್ದರ್ರೀ."

"ಗೆದ್ರೇನು?"

"ಇಲ್ರೀ. ರಾಜ ಮಠದ ಕಡೆ ತೀರ್ಪು ಕೊಟ್ಟ. ಆಡಲ್ಬೋಲ್ಡ್ ಕಡೀಗೆ ತಲಿ ಬೋಳಿಸ್ಕೊಂಡು ಅಲ್ಲೇ ಸನ್ಯಾಸಿ ಆದ."

ನೀಲಕಂಠಪ್ಪನವರು ತಮ್ಮ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು. ಒಳಗಿನಿಂದ ರಾಚಯ್ಯನ ದನಿ ಬಂತು: "ಮಾಮಾ, ಮೂಲಿ ಉಳದೈತಿ."

ಅವರು ಮೂಲೆಯತ್ತ ಹೋದರು. ಅಡುಗೆಮನೆಯಲ್ಲಿ ಅನ್ನಪೂರ್ಣವ್ವ ನಾಲ್ಕಾರು ಹೆಂಗಸರನ್ನು ಸುತ್ತ ಕೂರಿಸಿಕೊಂಡು ಜೋರಾಗಿ ಮಾತಾಡುತ್ತಿದ್ದರು. ಬೆಟ್ಟದ ಮೇಲಿನ ದೊಡ್ಡ ಮನೆಯಲ್ಲಿ ಅವರ ಜೊತೆ ಮಾತಾಡುವವರು ಯಾರೂ ಇರಲಿಲ್ಲವಂತೆ. ಇಲ್ಲಿ ಬಾಯಿಗೆ ಬಿಡುವಿಲ್ಲ. ಸೋಮನಾಥನನ್ನು ಕಂಡದ್ದೇ ಒಂದು ಚಾಕು ಕೈಗಿತ್ತು, ಬದನೆಕಾಯಿಯ ರಾಶಿ ತೋರಿಸಿದರು.

"ಬಾ ಪ್ರೊಫೆಸರಾ, ನಾಕು ಸೀಳ್ ಮಾಡು. ತೊಟ್ಟು ಕೀಳಬ್ಯಾಡ ಮತ್ತ."