ಎಲೆ ಅಗಲದ ಮೇಜು

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ನನ್ನ ಸೊಂಟ ಹಿಡಿದುಕೊಂಡದ್ದು ಎಂಬತ್ತರ ದಶಕದ ಶುರುವಿನಲ್ಲಿ. ಡಾಕ್ಟರು ಬೆನ್ನಿಗೆ ಬೆರಳೂರಿ ನೋಡಿ, "ನೆಲದ ಮೇಲೆ ಕೂತು ಬಗ್ಗೋ ಕೆಲಸ ಎಲ್ಲ ಬಿಟ್ಬಿಡಮ್ಮ," ಎಂದರು. ಅವರಿಗೆ ಅದು ಒಂದು ಮಾತು. ನಾನು ಬಟ್ಟೆ ಕತ್ತರಿಸುತ್ತಿದ್ದುದೂ ನೆಲದ ಮೇಲೆ, ಹೊಲಿಯುತ್ತಿದ್ದುದೂ ನೆಲದ ಮೇಲೆ. ಮದುವೆಯಲ್ಲಿ ತೌರಿನವರು ಕೊಟ್ಟ ಕೈ ಮೆಷಿನ್ನು, ಮಣೆಯ ಮೇಲಿಟ್ಟುಕೊಂಡು ಚಕ್ರ ತಿರುಗಿಸುವಂಥದ್ದು. ಬನಶಂಕರಿಯ ನಮ್ಮ ಬೀದಿಯ ಅರ್ಧ ಹೆಂಗಸರ ರವಿಕೆ, ಒಳಲಂಗಗಳು ಅದರಲ್ಲೇ ತಯಾರಾಗುತ್ತಿದ್ದವು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಮೆಷಿನ್ನೊಂದೇ.

ಕೆಲವು ವಾರ ಅದು ಹಳೇ ಸೀರೆಯ ತುಂಡು ಹೊದ್ದು ಮೂಲೆಯಲ್ಲಿ ಕೂತಿತು. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಅತ್ತೆ ನನ್ನ ಗಂಡನಿಗೆ ಹೇಳಿದರು: "ಸುಮ್ನೆ ತುಕ್ಕು ಹಿಡಿಯೋ ಬದ್ಲು, ಗೌರಿ ಹಬ್ಬಕ್ಕೆ ನಿನ್ ತಂಗಿ ಬಂದಾಗ ಬಾಗಿನದ ಜೊತೆ ಕೊಟ್ಟು ಕಳ್ಸಾಣ ಕಣಪ್ಪ. ಅವಳಾದ್ರೂ ಹೊಲ್ಕೋತಾಳೆ."

ಕೆಟ್ಟ ಮನಸ್ಸಿನ ಮಾತಲ್ಲ ಅದು. ಅತ್ತೆ ಇಟ್ಟಮಡುವಿನ ಒಕ್ಕಲು ಮನೆಯವರು. ಹೊಲ ಲೇಔಟಿಗೆ ಹೋದರೂ ಅವರ ಲೆಕ್ಕ ಮಾತ್ರ ಹೊಲದ್ದೇ ಆಗಿತ್ತು. ಒಬ್ಬರ ಕೈಯಲ್ಲಿ ನಡೆಯದ್ದು ಇನ್ನೊಬ್ಬರ ಕೈಗೆ ಹೋಗಬೇಕು. ನನ್ನ ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರು ಒಪ್ಪಿಕೊಳ್ಳುತ್ತಿದ್ದುದೇ ಹಾಗೆ. ಹಬ್ಬದ ಹೊತ್ತಿಗೆ ನಾನು ಮತ್ತೆ ಹೊಲಿಯುತ್ತಿರಬೇಕು, ಇಲ್ಲವಾದರೆ ಮೆಷಿನ್ನು ನಾದಿನಿಯ ಜೊತೆ ಬಸ್ಸು ಹತ್ತುತ್ತದೆ. ಅಂದಿನಿಂದ ನನಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ.

ನಿಂತು ಕತ್ತರಿಸಲು, ಕುರ್ಚಿಯಲ್ಲಿ ಕೂತು ಹೊಲಿಯಲು ಒಂದು ಮೇಜು ಬೇಕಿತ್ತು. ಆದರೆ ನಮ್ಮ ಹಾಲಿನಲ್ಲೇ ಎಲ್ಲರೂ ನೆಲದ ಮೇಲೆ ಊಟಕ್ಕೆ ಕೂರಬೇಕು, ಅಲ್ಲೇ ಅತ್ತೆಯ ಹಾಸಿಗೆ. ಹಾಗಾಗಿ ಕಾಲು ಮಡಿಸಿ ಗೋಡೆಗೆ ಒರಗಿಸುವಂಥದ್ದೇ ಆಗಬೇಕು. ಮೊದಲು ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯಲ್ಲಿ ನೋಡಿದೆವು. ಚೆಂದದ ಚೌಕ ಮೇಜು. ಮೊಣಕೈ ಊರಿದರೆ ಗಡಗಡ ನಡುಗಿತು. ಬಟ್ಟೆಯ ಮಧ್ಯಕ್ಕೆ ಕತ್ತರಿ ಹೋದಾಗ ಇದು ನಡುಗಿದರೆ ಏನು ಗತಿ ಎಂದು ಯೋಚಿಸಿಯೇ ನಾನು ಬೆವೆತೆ. ಅಂಗಡಿಯವರು, "ಟೀ ಕುಡಿಯೋಕೆ ಸಾಕಲ್ವಾ ಮೇಡಂ?" ಎಂದರು.

ಹನುಮಂತನಗರದ ಶಾಮಿಯಾನ ಅಂಗಡಿಯಲ್ಲಿ ಹಳೇ ಮೇಜುಗಳನ್ನು ಮಾರುತ್ತಿದ್ದಾರೆಂಬ ಸುದ್ದಿಯನ್ನು ಗಂಡ ತಂದರು. "ಮದುವೆ ಮನೆ ಊಟದ ಮೇಜು ಕಣೇ. ಅಷ್ಟುದ್ದ ಇರತ್ತೆ, ಕಾಲೂ ಮಡಚತ್ತೆ. ಇನ್ನೇನು ಬೇಕು ನಿಂಗೆ?" ನನಗೂ ಹೌದೆನಿಸಿತು. ಮೇಜಿನ ಮುಂದೆ ಕೂತು ಉಂಡದ್ದು ನಾವು ಮದುವೆ ಮನೆಗಳಲ್ಲಿ ಮಾತ್ರ. ಆ ಸಾಲು ಸಾಲು ಎಲೆಗಳನ್ನು ನೆನೆದರೆ ಅದರಷ್ಟು ದೊಡ್ಡ ಮೇಜು ಲೋಕದಲ್ಲಿ ಇಲ್ಲ.

ಅಂಗಡಿಯಲ್ಲಿ ನಾನು ಆ ಮೇಜಿನ ಪ್ರಾಣ ತೆಗೆದೆ. ಕಾಲಿನ ಕೊಕ್ಕೆ ತಾನಾಗಿ ಕಳಚೀತೇ ಎಂದು ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿದೆ. ಮೊಳೆ ಎದ್ದಿದ್ದರೆ ರೇಷ್ಮೆ ಸಿಕ್ಕಿಕೊಳ್ಳುತ್ತದೆಂದು ನನ್ನ ಸೆರಗನ್ನೇ ಹಲಗೆಯ ಉದ್ದಕ್ಕೂ ಎಳೆದು ನೋಡಿದೆ. ಮೆಷಿನ್ನಿನ ಭಾರ ತಡೆದೀತೇ ಎಂದು ಗಂಡನನ್ನು ಮೇಲೆ ಕೂರಿಸಿದೆ. ಅವರು ದಾರಿಯಲ್ಲಿ ಹೋಗುವವರ ಕಡೆ ನೋಡದೆ ಕೂತರು. ಅಂಗಡಿಯವರು ನಕ್ಕು, "ಅಕ್ಕ, ಎಷ್ಟೋ ಮದುವೆ ಕಂಡಿರೋ ಮೇಜು. ಒಂದು ತೊಟ್ಟು ಪಾಯಸ ಅಲುಗಿಸಿಲ್ಲ," ಎಂದರು. ಎಲ್ಲವನ್ನೂ ನೋಡಿದ ನಾನು ಅಗಲವೊಂದನ್ನು ನೋಡಲಿಲ್ಲ.

ಸೈಕಲ್ ಗಾಡಿಯಲ್ಲಿ ಮೇಜು ಮನೆಗೆ ಬಂತು. ಅತ್ತೆ ಬಾಗಿಲಲ್ಲೇ ತಡೆದರು. "ಊರವರ ಎಂಜಲೆಲ್ಲ ಬಿದ್ದಿರೋ ಮೇಜು." ಒಳಗೆ ಬಿಡುವುದಿಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಸೆರಗು ಸಿಕ್ಕಿಸಿಕೊಂಡು ಸಗಣಿ ನೀರು, ಆಮೇಲೆ ಅರಿಶಿನದ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಒಣಗಿದ ಮೇಲೆ ಒಳಲಂಗದ ಬಟ್ಟೆ ಹಾಸಿದೆ. ಎರಡೂ ಕಡೆ ಜೋತು ಬಿತ್ತು. ಆಗ ನನಗೆ ಹೊಳೆಯಿತು: ಉಣ್ಣುವವರು ಒಂದೇ ಕಡೆ ಕೂರುತ್ತಾರೆ, ಬಡಿಸುವವರು ಆಚೆ ಓಡಾಡುತ್ತಾರೆ, ಹಲಗೆಗೆ ಬೇಕಾದದ್ದು ಒಂದು ಎಲೆಯ ಅಗಲ ಮಾತ್ರ. ಮಡಿಸಿದ ರವಿಕೆ ಬಟ್ಟೆಗೆ ಅದು ಸಾಕಾಗಬಹುದು. ಒಳಲಂಗಕ್ಕೆ ಪೂರಾ ಅಗಲದ ಬಟ್ಟೆಯನ್ನು ಓರೆಯಾಗಿ ಆರು ತುಂಡು ಮಾಡಬೇಕು. ಒಂದು ಕಡೆ ಒತ್ತಿ ಹಿಡಿದರೆ ಇನ್ನೊಂದು ಕಡೆ ಜಾರುತ್ತದೆ. ಹಬ್ಬಕ್ಕೆಂದು ಬೀದಿಯವರು ಕೊಟ್ಟಿದ್ದ ಬಟ್ಟೆಗಳೆಲ್ಲ ಟ್ರಂಕಿನ ಮೇಲೆ ರಾಶಿ ಬಿದ್ದಿದ್ದವು.

ಯಾರಿಗೂ ಹೇಳಲಿಲ್ಲ. ಅತ್ತೆ ಜಗಲಿಯಲ್ಲಿ ಮಲಗಿದ ಮಧ್ಯಾಹ್ನಗಳಲ್ಲಿ ಮೇಜಿನ ಮೇಲೆ ಹಳೇ ಪಂಚೆ ಹಾಸಿ, ಜಾರದಂತೆ ಚೊಂಬು, ಅಡಕತ್ತರಿ ಭಾರ ಹೇರಿ ಕತ್ತರಿಸುವ ಅಭ್ಯಾಸ ಮಾಡಿದೆ. ಗೆರೆ ಸೊಟ್ಟಗೆ ಹೋಯಿತು. ಕೊನೆಗೊಂದು ದಿನ ಆಗಿದ್ದಾಗಲಿ ಎಂದು ಅಡುಗೆಮನೆಯ ನೆಲದ ಮೇಲೆ ಬಟ್ಟೆ ಹರಡಿ ಬಗ್ಗಿದೆ. ಒಂದು ಗೆರೆ ಕತ್ತರಿಸುವಷ್ಟರಲ್ಲಿ ಸೊಂಟ ಕಚ್ಚಿಕೊಂಡಿತು. ಏಳಲಾಗಲಿಲ್ಲ. ಕೂಗಲೂ ಭಯ. ಕತ್ತರಿ ಕೈಯಿಂದ ಬಿದ್ದ ಸದ್ದಿಗೆ ಅತ್ತೆ ಎದ್ದು ಬಂದರು.

ಕಂಕುಳಿಗೆ ಕೈ ಕೊಟ್ಟು ನನ್ನನ್ನು ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ ತಾವೇ ಹಾಲಿಗೆ ಹೋಗಿ ಮೇಜು ಬಿಡಿಸಿ, ಕೊಕ್ಕೆ ಹಾಕಿ, ಬಟ್ಟೆ ಹಾಸಿದರು. ಬಡಿಸುವವರು ನಿಲ್ಲುವ ಕಡೆ ನಿಂತು, ಜೋತ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

"ಹಿಡ್ಕೊಂಡಿದೀನಿ. ಕತ್ತರ್ಸು."

ನನ್ನ ಕೈಲಾಗುವುದಿಲ್ಲ ಎಂದು ಕಣ್ಣಾರೆ ನೋಡಿಕೊಳ್ಳಲು ನಿಂತಿದ್ದಾರೆ ಎಂದೇ ನಾನು ತಿಳಿದದ್ದು. ಗೋಡೆ ಹಿಡಿದುಕೊಂಡು ಹಾಲಿಗೆ ಬಂದು, ನಿಂತೇ ಕತ್ತರಿಸಿದೆ. ಆರು ತುಂಡುಗಳೂ ನೇರವಾಗಿ ಬಂದವು. ಅವರು ಹೂಂ ಎಂದಷ್ಟೇ ಹೇಳಿ ಮುಂದಿನ ಬಟ್ಟೆ ತಂದರು. ಹಬ್ಬದವರೆಗೂ ದಿನಾ ಬಂದು ಹಿಡಿದರು, ಮೆಷಿನ್ನಿನ ಮಾತು ಮಾತ್ರ ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಗೌರಿ ಹಬ್ಬಕ್ಕೆ ನಾದಿನಿ ಬಂದಳು. ಪೂಜೆಯಾಗಿ ಮೊರದ ಬಾಗಿನ ತೆಗೆದುಕೊಂಡ ಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ಮೆಷಿನ್ನಿನ ಕಡೆ ಹೋಯಿತು. "ಅಮ್ಮ, ಅದು ನಂಗೆ ಅಂದಿದ್ಯಲ್ಲ?"

"ಅಂದಿದ್ದೆ. ಕೊಡಕ್ಕಾಗಲ್ಲ. ಅದು ಅವಳ ತೌರಿಂದು," ಎಂದರು ಅತ್ತೆ. ನಾದಿನಿಯ ಮುಖ ಸಣ್ಣಗಾಯಿತು. ಸಂಜೆ ಬಸ್ಸಿಗೆ ಹೋಗುವವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ.

ನನಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಮಗಳನ್ನು ನೋಯಿಸಿದ ಸಿಟ್ಟು ನಾಳೆ ನನ್ನ ಮೇಲೆ ತಿರುಗೀತೆಂದು ಒಳಗೊಳಗೇ ಅಳುಕಿದೆ. ತಡೆಯಲಾರದೆ, "ಯಾಕತ್ತೆ ಕೊಡ್ಲಿಲ್ಲ?" ಎಂದು ಕೇಳಿಯೇಬಿಟ್ಟೆ.

ಅವರು ಮೇಜಿನ ಮೇಲಿನ ದಾರದ ಚೂರುಗಳನ್ನು ಆಯುತ್ತಾ ಹೇಳಿದರು: "ನಾನು ತೌರಿಂದ ಒಂದು ಹಸ ಹೊಡ್ಕೊಂಡು ಬಂದಿದ್ದೆ. ಬಾಣಂತನದಲ್ಲಿ ಮಲಗಿದ್ದಾಗ, ನೋಡ್ಕೊಳ್ಳೋರಿಲ್ಲ ಅಂತ ನಮ್ಮತ್ತೆ ಅದನ್ನ ಅವ್ರ ಮಗಳ ಜೊತೆ ಕಳ್ಸುದ್ರು. ಗೌರಿ ಹಬ್ಬದಲ್ಲೇ."

"ಆಮೇಲೆ ವಾಪಸ್ ಬರ್ಲೇ ಇಲ್ವಾ ಅದು?" ಎಂದೆ.

"ಬಂತು. ಹಗ್ಗ ಕಿತ್ಕೊಂಡು ಬಂದು ಬಾಗಿಲಲ್ಲಿ ನಿಂತ್ಕೊಂತು. ನಾನೇ ಹೊಡ್ಕೊಂಡೋಗಿ ನಾದಿನಿ ಮನೇಲೇ ಬಿಟ್ಟು ಬಂದೆ," ಎಂದು ಅತ್ತೆ ಮೇಜಿನ ಕೊಕ್ಕೆ ಕಳಚಿದರು. ಊಟದ ಹೊತ್ತಾಗಿತ್ತು.